ಕೂಡುವ ನೌಕರಿಯ ಚಡ್ಡಿ

ಸೂಜಿ ಹುಡುಕಲು ಹೋದರೆ ಉಡದಾರ ಸಿಕ್ಕಿತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಅದರೊಳಗೆ ಗುಂಡಿ, ಹುಕ್ಕು, ತುಂಡು ದಾರ. ಎಲ್ಲದರ ಕೆಳಗೆ ಸಣ್ಣ ಹಾವಿನ ಮರಿಗಳ ಹಾಗೆ ಸುತ್ತಿಕೊಂಡು ಮಲಗಿದ್ದ ಏಳು ಕರಿ ಉಡದಾರಗಳು. ಎಲ್ಲವೂ ನನ್ನ ಮೊಮ್ಮಗ ಮಲ್ಲುವಿನವು. ಬೇಸಿಗೆ ರಜೆಗೆ ಅವನು ಗುಲಬರ್ಗಾದಿಂದ ನಮ್ಮಲ್ಲಿಗೆ ಬಂದಾಗಲೆಲ್ಲ ನನ್ನ ಹೆಂಡತಿ ಈರಮ್ಮ ಅವನ ನಡುವಿನ ಹಳೆಯ ದಾರವನ್ನು ಗಂಟಿನ ಹತ್ತಿರ ಕತ್ತರಿಸಿ ಹೊಸದು ಕಟ್ಟುತ್ತಿದ್ದಳು. ಕತ್ತರಿಸಿದ್ದನ್ನು ಬೀದಿಗೆ ಎಸೆದರೆ ಮಂದಿ ತುಳಿಯುತ್ತಾರೆ ಎಂದು ಡಬ್ಬಿಗೆ ಹಾಕುತ್ತಿದ್ದಳು. ಏಳನೇ ಇಯತ್ತೆಯ ಬೇಸಿಗೆಯೇ ಕೊನೆ. ಆಮೇಲೆ ಅವನಿಗೆ ಟ್ಯೂಷನ್, ಪರೀಕ್ಷೆ. ಆಮೇಲೆ ಈರಮ್ಮನೇ ಹೋದಳು.

ಅದೇ ದಿನ ಬೆಳಿಗ್ಗೆ ಮಗಳು ಸುವರ್ಣ ಫೋನ್ ಮಾಡಿದ್ದಳು. ಮಲ್ಲುವಿಗೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿದೆ, ಅದೂ ಹೈದರಾಬಾದಿನಲ್ಲೇ.

"ಎಂಥಾ ನೌಕರಿನವ್ವಾ?" ಎಂದೆ.

"ಕುಂದರೋ ನೌಕರಿ ಅಪ್ಪಾ. ಅವನಿಗೇ ಒಂದು ಟೇಬಲ್ಲು, ಒಂದು ಕುರ್ಚಿ, ಒಂದು ಕಂಪ್ಯೂಟರ್. ಮುಂಜಾನಿಂದ ಸಂಜಿತನಕ ಕುಂತೇ ಇರಬೇಕಂತ."

"ಇರೋದೆಲ್ಲಿ?"

"ಎಲ್ಲಿ ಅಂದ್ರ? ನೀ ಇದ್ದೀಯಲ್ಲ. ನಿನ್ನ ಹಂತೇಕ ಬರ್ತಾನ."

ಫೋನ್ ಇಟ್ಟ ಮೇಲೆ ನನಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಸಂತೋಷ ಎಂಬುದು ಉಕ್ಕುವ ಹಾಲಿನ ಹಾಗೆ, ಪಕ್ಕದಲ್ಲಿ ಯಾರಾದರೂ ನಿಂತಿರಬೇಕು. ಲಿಂಗಂಪಲ್ಲಿಯ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಹಾಲಿನವನು ಬಂದ. ನನಗೆ ಬರುವ ತೆಲುಗಿನಲ್ಲಿ ಮೊಮ್ಮಗನಿಗೆ ಉದ್ಯೋಗ ಬಂತು ಎಂದು ಹೇಳಿದೆ. "ಅಲಾಗಾ", ಹೌದೇ ಎಂದಷ್ಟೇ ಅಂದು, ಅರ್ಧ ಲೀಟರೋ ಒಂದು ಲೀಟರೋ ಎಂದು ಕೇಳಿದ. ಒಂದು ಲೀಟರ್ ತೆಗೆದುಕೊಂಡೆ. ಅಷ್ಟು ಹಾಲು ಯಾರು ಕುಡಿಯಬೇಕು ಎಂದು ಹೊಳೆದದ್ದು ಅವನು ಹೋದ ಮೇಲೆ. ಆ ಉಮೇದಿನಲ್ಲೇ ಅಂಗಿಯ ಗುಂಡಿ ಹಚ್ಚಿಕೊಳ್ಳೋಣವೆಂದು ಸೂಜಿ ಹುಡುಕಿದ್ದು.

ಕೂಡುವ ನೌಕರಿ ಎಂದರೆ ಏನು ದೊಡ್ಡದು ಎಂದು ನೀವು ಕೇಳಬಹುದು. ನೀವು ಕೂತೇ ಬೆಳೆದವರು. ನಮ್ಮಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ನಿಂತು ಕಲ್ಲು ಸೀಳಿದವನು. ನನ್ನ ಅಳಿಯ ಬಸ್ ಕಂಡಕ್ಟರ್, ಗುಲಬರ್ಗಾದಿಂದ ಬೀದರಿಗೆ ನಿಂತೇ ಹೋಗಿ ನಿಂತೇ ಬರುವವನು. ನಾನು ಈ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದೆ. ರಾಜ್ಯಗಳನ್ನು ಹಂಚಿದಾಗ ನಮ್ಮೂರು ಆ ಕಡೆ ಕನ್ನಡದ ರಾಜ್ಯಕ್ಕೆ ಹೋಯಿತು, ನಾನು ನೌಕರಿಯ ಜೊತೆ ಈ ಕಡೆ ಉಳಿದೆ. ಅಟೆಂಡರನಿಗೆ ಬಾಗಿಲ ಹೊರಗೆ ಒಂದು ಸ್ಟೂಲು ಕೊಟ್ಟಿರುತ್ತಾರೆ, ನಿಜ. ಆದರೆ ಅದರ ಮೇಲೆ ಕೂತ ಕೂಡಲೇ ಒಳಗೆ ಗಂಟೆ ಬಾರಿಸುತ್ತಾರೆ. ಮೂವತ್ತು ವರ್ಷದ ಮೇಲೆ ಆ ಗಂಟೆ ಕೇಳಿದವನಿಗೆ ಈಗಲೂ ಬಾಗಿಲಲ್ಲಿ ನಿಲ್ಲುವ ಚಟ. ಮದುವೆಮನೆಗೆ ಹೋದರೂ ಕುರ್ಚಿ ಬಿಟ್ಟು ಬಾಗಿಲ ಹತ್ತಿರ ನಿಂತಿರುತ್ತೇನೆ. ಬೀಗರು ನನ್ನನ್ನು ಅಡುಗೆಯವರ ಕಡೆಯವನೆಂದು ತಿಳಿದು ನೀರು ತರಲು ಹೇಳಿದ್ದೂ ಉಂಟು. ತಂದುಕೊಟ್ಟಿದ್ದೇನೆ.

ಹೀಗೆ ನಿಂತೇ ಬಂದ ಮನೆತನದಲ್ಲಿ ಮಲ್ಲು ಮೊದಲನೆಯವನು, ಕೂಡಲು ಹೊರಟವನು. ಅವನಿಗೆ ಏನು ಕೊಡಬೇಕು? ವಾಚು, ಪೆನ್ನು ಯಾರಾದರೂ ಕೊಡುತ್ತಾರೆ. ನನಗೆ ಗೊತ್ತಿದ್ದದ್ದು ಒಂದೇ. ದಿನವಿಡೀ ಕೂಡುವವನಿಗೆ ಎಲ್ಲಕ್ಕಿಂತ ಮೊದಲು ಒಳ್ಳೆಯ ಒಳಚಡ್ಡಿ ಬೇಕು.

ನಗಬೇಡಿ. ಇದು ನಾನು ಕಣ್ಣಾರೆ ಕಂಡು ಕಲಿತದ್ದು. ನಮ್ಮ ಕಚೇರಿಯಲ್ಲಿ ವೆಂಕೋಬರಾಯರೆಂದು ಹೆಡ್ ಕ್ಲಾರ್ಕು ಇದ್ದರು. ಅವರೂ ನಮ್ಮ ಕಡೆಯವರೇ, ಹಾಗಾಗಿ ನನ್ನೊಡನೆ ಮಾತ್ರ ಕನ್ನಡ. ಅವರ ಬೆತ್ತದ ಕುರ್ಚಿಯಲ್ಲಿ ಅವರು ಅರ್ಧ ಗಂಟೆ ನೆಟ್ಟಗೆ ಕೂತದ್ದಿಲ್ಲ. ಎಡಕ್ಕೆ ವಾಲುವರು, ಬಲಕ್ಕೆ ವಾಲುವರು, ಆಮೇಲೆ ಯಾವುದೋ ಫೈಲಿನ ನೆಪ ಮಾಡಿ ಎದ್ದು ವರಾಂಡದ ತುದಿಯವರೆಗೆ ನಡೆದು ಬರುವರು. ಒಂದು ದಿನ ನನ್ನನ್ನು ಕರೆದು, "ಶರಣಪ್ಪಾ, ಈ ಕುರ್ಚಿಯೊಳಗ ತಗಣಿ ಆಗ್ಯಾವೋ. ಬಿಸಿಲಿಗೆ ಇಡು" ಎಂದರು. ಕುರ್ಚಿ ಹೊತ್ತು ಮಾಳಿಗೆಗೆ ಹೋದೆ. ಮಧ್ಯಾಹ್ನದ ತನಕ ಒಣಗಿಸಿದೆ. ಬೆತ್ತದ ಸಂದಿ ಸಂದಿಗೆ ಬಿಸಿನೀರು ಬಿಟ್ಟೆ. ಒಂದೂ ತಿಗಣೆ ಹೊರಬರಲಿಲ್ಲ. ಮತ್ತೊಂದು ವಾರ ಅದೇ ಆಜ್ಞೆ, ಅದೇ ಮಾಳಿಗೆ. ಮೂರನೆಯ ಸಲ ಕುರ್ಚಿ ಇಳಿಸುವಾಗ ರಾಯರು ನನ್ನ ಕಿವಿಯ ಹತ್ತಿರ ಬಂದು, "ತಗಣಿ ಅಲ್ಲೋ ಮಾರಾಯಾ, ಒಳಗಿಂದು ಕಡೀತದ. ಹೊಸ ತರಹದ ನೈಲಾನಿಂದು, ಮಗ ತಂದಾನ" ಎಂದು ನಾಚಿದರು.

ರಾತ್ರಿ ಊಟದ ಹೊತ್ತಿಗೆ ಈರಮ್ಮನಿಗೆ ಹೇಳಿದೆ. ಅವಳು ಕಾಲಿನ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಕುಪ್ಪಸ, ಲಂಗ ಹೊಲಿಯುತ್ತಿದ್ದಳು.

"ಎರಡು ಚಡ್ಡಿ ಹೊಲಿದು ಕೊಡ್ತೀನಿ. ಅಳತಿ ತಗೊಂಡು ಬಾ" ಎಂದಳು.

"ಹೆಡ್ ಕ್ಲಾರ್ಕ್ ಸಾಹೇಬರ ನಡಕ್ಕ ಟೇಪ್ ಹಚ್ಚಲೇನು? ನೌಕರಿ ಬ್ಯಾಡಾಗೈತೇನು ನನಗ?"

ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು. "ಅವರು ಕುರ್ಚಿಯಾಗ ಕುಂತ್ರ ಆಕಡಿ ಈಕಡಿ ಎಷ್ಟು ಜಾಗಾ ಉಳೀತೈತಿ?"

"ಒಂದೊಂದು ಕಡಿ ಎರಡು ಬಟ್ಟು" ಎಂದು ಎರಡು ಬೆರಳು ತೋರಿಸಿದೆ.

"ಕುರ್ಚಿ ಅಳದು ಬಾ. ಸಾಕು."

ಮರುದಿನ ಎಲ್ಲರೂ ಹೋದ ಮೇಲೆ ಫೈಲು ಕಟ್ಟುವ ಕೆಂಪು ದಾರದಿಂದ ಕುರ್ಚಿ ಅಳೆದು ತಂದೆ. ಅಷ್ಟರ ಮೇಲೆ ಅವಳು ಕತ್ತರಿ ಹಾಕಿದಳು. ಬಟ್ಟೆ ಮೆತ್ತನೆಯ ಹತ್ತಿಯದು. ಕತ್ತರಿಸುವ ಮೊದಲು ಅದನ್ನು ನೀರಿನಲ್ಲಿ ನೆನೆಹಾಕಿ ಒಣಗಿಸಿದಳು, ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ ಎಂದು. ಕೂಡುವ ಜಾಗದಲ್ಲಿ ನಡುವೆ ಹೊಲಿಗೆ ಬರದ ಹಾಗೆ ಒಂದು ಚೌಕ ತುಂಡು ಕೂಡಿಸಿದಳು. ಎಲಾಸ್ಟಿಕ್ ಬೇಡ, ಊಟ ಮಾಡಿ ಕೂತರೆ ಹೊಟ್ಟೆ ಕಚ್ಚುತ್ತದೆ, ಲಾಡಿ ಇರಲಿ ಎಂದಳು. "ನಿಂತಾಗಿನ ನಡಾ ಬ್ಯಾರೆ, ಕುಂತಾಗಿನ ನಡಾ ಬ್ಯಾರೆ. ದರ್ಜಿ ಮಂದಿ ನಿಂದರಿಸಿ ಅಳತಿ ತಗೋತಾರ, ಅಲ್ಲೇ ತಪ್ಪತಾರ" ಎಂದಳು. ಪ್ರತಿ ಹೊಲಿಗೆಯನ್ನೂ ಒಳಗೆ ಮಡಚಿ ಎರಡೆರಡು ಸಲ ಓಡಿಸಿದಳು. ಯಾರೂ ನೋಡದ ಬಟ್ಟೆಗೆ ಇಷ್ಟೇಕೆ ಎಂದು ಕೇಳಿದ್ದಕ್ಕೆ, "ಕಾಣೋ ಕಡೆ ಮಂದಿಗೆ ಅಂಜಿ ಎಲ್ಲಾರೂ ಛಲೋ ಹೊಲೀತಾರ. ಕಾಣದ ಕಡೆ ಕೈ ಬಿಗಿ ಇರಬೇಕು" ಎಂದಳು.

ಪೇಪರಿನಲ್ಲಿ ಸುತ್ತಿ ರಾಯರ ಮೇಜಿನ ಖಾನೆಯಲ್ಲಿ ಇಟ್ಟೆ. ಒಂದು ವಾರ ಬಿಟ್ಟು ಕನ್ನಡಕದ ಮೇಲಿಂದ ನೋಡಿ, "ಶರಣಪ್ಪಾ, ತಗಣಿ ಹೋದವು ನೋಡು" ಎಂದರು. ಅಷ್ಟೇ. ಅಲ್ಲಿಂದ ಹತ್ತಕ್ಕೆ ಕೂತರೆ ಐದಕ್ಕೆ ಏಳುವರು. ಮೊದಲು ತಾವೇ ಎದ್ದು ತರುತ್ತಿದ್ದ ಫೈಲುಗಳನ್ನೆಲ್ಲ ಈಗ ಗಂಟೆ ಬಾರಿಸಿ ನನ್ನಿಂದ ತರಿಸುವರು. ಹೆಂಡತಿ ಹೊಲಿದ ಚಡ್ಡಿಯ ದೆಸೆಯಿಂದ ನನ್ನ ಕಾಲು ಸವೆದವು. ಆ ಎರಡು ಚಡ್ಡಿ ಅವರು ರಿಟೈರ್ ಆಗುವ ತನಕ ಬಂದವು ಎಂದು ಅವರೇ ಆಮೇಲೆ ಹೇಳಿದರು.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ ಕೆಲಸ ಕೇಳಿ. ಡಬ್ಬಿಯಲ್ಲಿದ್ದ ಕೊನೆಯ ಉಡದಾರವನ್ನು ಕಿಸೆಯಲ್ಲಿ ಹಾಕಿಕೊಂಡು ಕೋಠಿಗೆ ಬಸ್ಸು ಹತ್ತಿದೆ. ಉಡದಾರಕ್ಕಿಂತ ಖರೆ ಅಳತೆ ಯಾವುದು, ಮೈಮೇಲೆಯೇ ಇದ್ದದ್ದು ಎಂಬುದು ನನ್ನ ಲೆಕ್ಕ. ಮಲ್ಲುವನ್ನು ಕೊನೆಗೆ ಕಂಡದ್ದು ಈರಮ್ಮನ ಮಣ್ಣಿನ ದಿನ. ಅಂದು ಅವನ ಮುಖ ನೋಡಿದ್ದೆ, ನಡು ನೋಡುವ ದಿನವಾಗಿರಲಿಲ್ಲ.

ಸಿದ್ಧ ಉಡುಪಿನ ಅಂಗಡಿಯವನು ಚಡ್ಡಿಯ ಒಂದೊಂದೇ ಡಬ್ಬಿ ಬಿಚ್ಚಿದ. ನಾನು ಪ್ರತಿಯೊಂದನ್ನೂ ಒಳಹೊರಗು ಮಾಡಿದೆ. ಹೊಲಿಗೆಯನ್ನು ಮುಂಗೈಯ ಒಳಭಾಗಕ್ಕೆ ತಿಕ್ಕಿ ನೋಡಿದೆ, ಅಲ್ಲಿ ಚರ್ಮ ತೆಳು, ಚುಚ್ಚುವುದಿದ್ದರೆ ಅಲ್ಲೇ ಹೇಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟು ಸುಕ್ಕು ನೋಡಿದೆ. ಎಲಾಸ್ಟಿಕ್ ಎಳೆದು ಹಿಡಿದು ಹತ್ತು ಎಣಿಸಿದೆ. ಎಲ್ಲದಕ್ಕೂ ಕೂಡುವ ಜಾಗದಲ್ಲೇ ಹಗ್ಗದಂಥ ಹೊಲಿಗೆ. ಅದರಲ್ಲೇ ಸ್ವಲ್ಪ ಮೆತ್ತಗಿದ್ದದ್ದನ್ನು ಆರಿಸಿ, ಅಳತೆಗೆಂದು ಉಡದಾರ ತೆಗೆದು ಗಾಜಿನ ಮೇಲೆ ಚಾಚಿದೆ. ಕುಂತಾಗಿನ ನಡುವಿಗೆ ಇನ್ನೆರಡು ಬಟ್ಟು ಸೇರಿಸು ಎಂದೂ ಹೇಳಿದೆ.

"ಬಚ್ಚೇ ಕಾ ಹೈ ಕ್ಯಾ ಚಾಚಾ?" ಎಂದ, ಚಿಕ್ಕ ಹುಡುಗನಿಗೇನು ಎಂಬಂತೆ.

"ಬಚ್ಚಾ ನಕೋ ಬೋಲೋ. ಸರ್ಕಾರಿ ಮುಲಾಜಿಮ್ ಹೈ" ಎಂದೆ, ಎದೆ ಸೆಟೆಸಿ.

ಅವನು ದಾರವನ್ನು ನೋಡಿದ, ನನ್ನನ್ನು ನೋಡಿದ. "ಇತ್ತಾ ಛೋಟಾ ಮುಲಾಜಿಮ್?" ಎಂದು ನಕ್ಕ. ಇಷ್ಟು ಸಣ್ಣ ಸರ್ಕಾರಿ ನೌಕರನೇ ಎಂದು ಅವನ ಬೆರಗು. ನನಗೆ ಸಿಟ್ಟು ಬಂತು. ಆರು ಕಟ್ಟಿಸಿಕೊಂಡು ಬಂದೆ. ಅದೇ ಉಮೇದಿನಲ್ಲಿ ಒಂದು ಮಂಚ ಕೊಂಡೆ, ಗೋಡೆಯ ಕಪಾಟಿನಲ್ಲಿ ಅರ್ಧ ಖಾಲಿ ಮಾಡಿದೆ, ಹಳೆ ಪೇಟೆಯಿಂದ ಕೈ ಇರುವ ಒಂದು ಕುರ್ಚಿಯನ್ನೂ ತಂದು ಹಾಕಿದೆ. ಕೂಡುವವನು ಬರುತ್ತಾನಲ್ಲ.

ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಾಗಲೇ ನನಗೆ ಸಂಶಯ ಬರಬೇಕಿತ್ತು. ಚಹಾ ಕೊಟ್ಟು ಪೊಟ್ಟಣ ಮುಂದಿಟ್ಟೆ. ಒಂದನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನೋಡಿದ.

"ಇದು ಯಾರಿಗಿ ಮುತ್ಯಾ?"

"ನಿನಗೋ. ಕುಂದರೋ ನೌಕರಿ ಅಲ್ಲೇನು?"

"ಇದರಾಗ ನನ್ನ ಒಂದು ಕಾಲು ಹೋದ್ರ ಭಾಳ ಆತು" ಎಂದು ನಗತೊಡಗಿದ. ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು ಥೇಟು ಈರಮ್ಮನ ರೀತಿ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವನು ಕಪ್ಪನ್ನು ತಿರುಗಿಸುತ್ತ, "ಮುತ್ಯಾ, ಇನ್ನೊಂದು ಮಾತು. ಅಮೀರ್‌ಪೇಟದಾಗ ಹಾಸ್ಟೆಲ್ ನೋಡೀನಿ. ಗುಲಬರ್ಗಾದ ದೋಸ್ತರು ಅದಾರ. ಆಫೀಸಿಗಿ ಅಲ್ಲಿಂದ ಹತ್ರ. ಸಂಜೀಕ ಡಿಪಾರ್ಟಮೆಂಟ್ ಪರೀಕ್ಷೆದ ಕ್ಲಾಸು ಅಲ್ಲೇ ಐತಿ" ಎಂದ.

"ಛಲೋ ಆತಲ್ಲ" ಎಂದೆ. "ಇಲ್ಲಿಂದ ದಿನಾ ಹೋಗಿ ಬರೋದು ಕಠಿಣ."

ಅವನು ಹೊಸ ಮಂಚದ ಕಡೆ ನೋಡಿದ. "ಇದು ನನ್ನ ಸಲುವಾಗಿ ತಂದ್ಯೇನು?"

"ಏ, ನನ್ನ ಬೆನ್ನಿಗೆ. ನೆಲದ ಮ್ಯಾಲ ಥಂಡಿ ಹಿಡೀತೈತಿ."

ಅಂದಿನಿಂದ ಆ ಮಂಚದ ಮೇಲೆ ನಾನೇ ಮಲಗುತ್ತಿದ್ದೇನೆ, ಸುಳ್ಳು ಖರೆಯಾಗಲಿ ಎಂದು. ಚಡ್ಡಿಗಳನ್ನು ಕೆಳಗಿನ ಮನೆಯ ಹುಡುಗರಿಗೆ ಕೊಟ್ಟೆ.

ನಾಲ್ಕು ವಾರ ಅವನ ಸುಳಿವಿಲ್ಲ. ಫೋನ್ ಬರುತ್ತಿತ್ತು. "ಆರಾಮ ಇದ್ದೀ ಮುತ್ಯಾ?" "ಆರಾಮ ಇದ್ದೀನಿ. ನೀ?" "ಆರಾಮ." ಅಲ್ಲಿಗೆ ಕನ್ನಡ ಮುಗಿಯುತ್ತಿತ್ತು. ಉಳಿದ ದಿನವೆಲ್ಲ ಅಂಗಡಿಯಲ್ಲಿ ತೆಲುಗು, ಆಟೋದವನಿಗೆ ಹಿಂದಿ. ನಾನು ದಿನಕ್ಕೆ ಒಂದು ಸಲವಾದರೂ ಕನ್ನಡ ಬಾಯಲ್ಲಿ ಬರಲಿ ಎಂದು ಹೊಲಿಗೆ ಯಂತ್ರದ ಮೇಲಿನ ದೂಳು ಒರೆಸುವಾಗ, "ಏನವಾ, ಆರಾಮ?" ಎನ್ನುತ್ತಿದ್ದೆ. ಇದನ್ನು ಬರೆಯಬಾರದಿತ್ತೇನೋ.

ಐದನೆಯ ಭಾನುವಾರ ಮಲ್ಲು ಬಂದ. ಕುರ್ಚಿಯಲ್ಲಿ ಕೂತ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಎದ್ದು ಕಿಟಕಿಯ ತನಕ ಹೋಗಿ ಬಂದ. ನನಗೆ ವೆಂಕೋಬರಾಯರೇ ಎದುರಿಗೆ ಬಂದ ಹಾಗಾಯಿತು.

"ತಗಣಿ ಕಡ್ಯಾಕತ್ಯಾವೇನೋ?" ಎಂದೆ.

ಅವನ ಮುಖ ಕೆಂಪಾಯಿತು. "ಹ್ಯಾಂಗ ಗೊತ್ತಾತು? ಕುಂದರಾಕ ಆಗವಲ್ದು ಮುತ್ಯಾ. ತೊಡೀಗೆಲ್ಲ ಗೆರಿ ಬಿದ್ದಾವ. ಯಾರಿಗೆ ಹೇಳಲಿ? ದೋಸ್ತರಿಗೆ ಹೇಳಿದ್ರ ಒಂದು ತಿಂಗಳು ನಗತಾರ."

ದೇವರಾಣೆ ಹೇಳುತ್ತೇನೆ, ಮೊಮ್ಮಗನಿಗೆ ತೊಡೆ ಉರಿಯುತ್ತಿದೆ ಎಂದು ಕೇಳಿ ಇಷ್ಟು ಸಂತೋಷಪಟ್ಟ ಅಜ್ಜ ಈ ಊರಲ್ಲಿ ಇನ್ನೊಬ್ಬನಿರಲಾರ. "ಕುಂದ್ರು, ಏಳಬ್ಯಾಡ. ಕುಂತಾಗಿನ ಅಳತಿ ಬೇಕು" ಎಂದೆ. ಟೇಪು ಸಿಗಲಿಲ್ಲ. ಡಬ್ಬಿಯಿಂದ ಅದೇ ಉಡದಾರ ತೆಗೆದು ಅವನ ನಡುವಿಗೆ ಸುತ್ತಿದೆ. ಎರಡು ತುದಿಯ ನಡುವೆ ಒಂದು ಗೇಣು ಜಾಗ ಉಳಿಯಿತು. ಆ ಖಾಲಿ ಜಾಗಕ್ಕೆ ನನ್ನ ಗೇಣು ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕೂತೆ. ಅವನು ಹತ್ತನೇ ಇಯತ್ತೆ ಪಾಸಾದದ್ದು, ದನಿ ಒಡೆದದ್ದು, ಮೀಸೆ ಬಂದದ್ದು ಎಲ್ಲ ಅದರಲ್ಲೇ ಆಗಿಹೋಗಿತ್ತು. "ಕಚಗುಳಿ ಆಗ್ತೈತಿ, ಲಗೂನ ಮುಗಿಸು" ಎಂದ.

ಮರುದಿನವೇ ಕೋಠಿಗೆ ಹೋಗಿ ಆರು ಚಡ್ಡಿಗಾಗುವಷ್ಟು ಬಟ್ಟೆ ತಂದೆ. ಯಂತ್ರಕ್ಕೆ ಎಣ್ಣೆ ಬಿಟ್ಟೆ. ಈರಮ್ಮ ಹೊಲಿಯುವಾಗ ಬಟ್ಟೆ ಹಿಡಿದುಕೊಂಡು ಕೂತವನು, ಅಷ್ಟೇ ನನ್ನ ವಿದ್ಯೆ. ಮೊದಲನೆಯದರಲ್ಲಿ ಎರಡೂ ಕಾಲು ಒಂದೇ ಕಡೆ ಮುಖ ಮಾಡಿದ್ದವು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಶನಿವಾರಕ್ಕೆ ಒಂದು ಆಯಿತು. ಭಾನುವಾರ ಅವನು ಬಂದು ತೊಟ್ಟುಕೊಂಡು, ಕುರ್ಚಿಯಲ್ಲಿ ಕೂತು, ಅಲ್ಲಾಡದೆ ಒಂದು ತಾಟು ಉಪ್ಪಿಟ್ಟು ತಿಂದ. "ಮುತ್ಯಾ, ಏನೂ ಗೊತ್ತೇ ಆಗವಲ್ದು" ಎಂದ. ಒಳಚಡ್ಡಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ಉಳಿದ ಐದು?"

"ವಾರಕ್ಕ ಒಂದೇ ಆಗೋದು. ಬಟ್ಟಿ ನೆನಸಬೇಕು, ಒಣಗಿಸಬೇಕು" ಎಂದೆ.

ಇದು ಸುಳ್ಳು. ಬಟ್ಟೆಯೆಲ್ಲ ಒಂದೇ ಸಲ ನೆನೆದು ಒಣಗಿ ಕಪಾಟಿನಲ್ಲಿತ್ತು. ಕೈ ಕುದುರಿದ ಮೇಲೆ ದಿನಕ್ಕೆ ಎರಡು ಹೊಲಿಯಬಹುದಿತ್ತು. ಆದರೆ ವಾರಕ್ಕೊಂದು ಎಂದರೆ ಇನ್ನೂ ಐದು ಭಾನುವಾರ. ಹತ್ತೂವರೆಯ ಲೋಕಲ್ ರೈಲಿಗೆ ಬರುತ್ತಿದ್ದ, ಐದರ ರೈಲಿಗೆ ಹೋಗುತ್ತಿದ್ದ. ಚಡ್ಡಿಯ ನೆಪದಲ್ಲಿ ಬಂದವನು ಆಫೀಸಿನ ಮಾತು ಹೇಳುತ್ತಿದ್ದ. ಅಲ್ಲಿಯ ಅಟೆಂಡರನನ್ನು ಅಣ್ಣ ಎಂದು ಕರೆಯುತ್ತೇನೆ ಎಂದು ಒಮ್ಮೆ ಹೇಳಿದ. ನಾನು ಉಪ್ಪಿಗೆ ಹೋದವನ ಹಾಗೆ ಅಡುಗೆ ಕೋಣೆಗೆ ಹೋಗಿ ನಿಂತು ಬಂದೆ.

ಆರನೆಯದನ್ನು ಹೊಲಿಯುವಾಗ ಶನಿವಾರ ಮಧ್ಯಾಹ್ನ ಕೈ ನಿಧಾನವಾಯಿತು. ಇದು ಮುಗಿದರೆ ಮುಗಿಯಿತು. ಈರಮ್ಮನ ರೀತಿಯಲ್ಲಿ ಹೊಲಿದ ಚಡ್ಡಿ, ಮೂರು ವರ್ಷಕ್ಕೆ ಮೋಸವಿಲ್ಲ. ಆಗ ನನಗೆ ಒಂದು ಕೆಟ್ಟ ಬುದ್ಧಿ ಬಂತು. ಹಿಂದಿನ ಹೊಲಿಗೆಯನ್ನು ಮಡಚಲಿಲ್ಲ, ಒಂದೇ ಸಲ ಓಡಿಸಿದೆ. ಅದೂ ಡಬ್ಬಿಯಲ್ಲಿದ್ದ ಮುದಿ ದಾರದಿಂದ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಹೆಚ್ಚೆಂದರೆ ಒಂದು ತಿಂಗಳು. ಪರ್ ಎಂದಿತೆಂದರೆ ಮತ್ತೆ ಭಾನುವಾರ ಮೊಮ್ಮಗ ನನ್ನ ಬಾಗಿಲಿಗೆ.

ಇಸ್ತ್ರಿ ಮಾಡಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಅದು ಪರ್ ಎನ್ನುವುದು ಎಲ್ಲಿ ಎಂದು ಆಗ ಹೊಳೆಯಿತು. ಭಾನುವಾರ ನನ್ನ ಮನೆಯಲ್ಲಂತೂ ಅಲ್ಲ. ಸೋಮವಾರವೋ ಮಂಗಳವಾರವೋ ಆಫೀಸಿನಲ್ಲಿ, ಯಾರೋ ದೊಡ್ಡವರು ಬಂದರೆಂದು ಅವನು ಎದ್ದು ನಿಂತಾಗ. ಅಪ್ಪ ನಿಂತ, ನಾನು ನಿಂತೆ, ಅಳಿಯ ನಿಂತ. ಕೂತವನೊಬ್ಬ ಈ ಹುಡುಗ, ಅವನ ಕೆಳಗೆ ನಾನೇ ಬ್ಲೇಡು ಇಟ್ಟ ಹಾಗೆ. ಯಂತ್ರದ ಕಡೆ ನೋಡಲು ಧೈರ್ಯವಾಗಲಿಲ್ಲ. ಕಾಣದ ಕಡೆ ಕೈ ಬಿಗಿ ಇರಬೇಕು ಎಂದವಳು ಕೂತು ಹೊಲಿದ ಯಂತ್ರ ಅದು. ಹೊಲಿಗೆಯನ್ನೆಲ್ಲ ಬಿಚ್ಚಿ, ಮಡಚಿ, ಹೊಸ ದಾರದಲ್ಲಿ ಎರಡು ಸಲ ಓಡಿಸಿದೆ. ಸಾಲದೆಂದು ಮೂರನೆಯ ಸಲವೂ ಓಡಿಸಿದೆ.

"ಆರು ಆದವು" ಎಂದು ಭಾನುವಾರ ಕೊಟ್ಟೆ. "ಇನ್ನ ಮೂರು ವರ್ಷ ಚಿಂತಿಲ್ಲ."

"ಮೂರು ವರ್ಷ ಬರ್ತಾವ?" ಎಂದ.

"ಬರ್ತಾವ."

ಅವನು ಐದರ ರೈಲಿಗೆ ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಹತ್ತೂವರೆಯ ರೈಲು ಬಂದು ನಿಂತ ಸದ್ದು, ಜನ ಇಳಿದು ಓಣಿಯಲ್ಲಿ ನಡೆದ ಸದ್ದು ಎಲ್ಲ ಕೇಳಿದೆ. ಎರಡು ಪಾವು ರವೆ ಹುರಿದಿಟ್ಟಿದ್ದೆ. ಸಂಜೆಯವರೆಗೆ ಅದರ ಉಪ್ಪಿಟ್ಟನ್ನೇ ತಿಂದೆ. ಮೂರು ವರ್ಷಕ್ಕೆ ಎಷ್ಟು ಭಾನುವಾರ ಎಂದು ಎಣಿಸಲು ಹೋಗಿ, ನಾನು ಕಲಿತ ನಾಲ್ಕನೇ ಇಯತ್ತೆಯ ಗಣಿತ ಸಾಲದೆ ಬಿಟ್ಟೆ.

ನಿನ್ನೆ, ಅದರ ಮುಂದಿನ ಭಾನುವಾರ, ರವೆ ಹುರಿಯಲಿಲ್ಲ. ಹತ್ತೂಮುಕ್ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಮಲ್ಲು. ಬೆವೆತಿದ್ದ. ನನಗೆ ಮೊದಲು ಬಂದ ಯೋಚನೆ ನಾಚಿಕೆಗೇಡಿನದು: ಯಾವುದೋ ಒಂದು ಹರಿದಿದೆ.

"ಯಾವುದು ಹರೀತು?" ಎಂದೆ.

"ಯಾವುದೂ ಹರಿದಿಲ್ಲ."

"ಲಾಡಿ ಬಿಗಿ ಆತೇನು?"

"ಇಲ್ಲ."

"ಮತ್ಯಾಕ ಬಂದಿ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡ.

"ಕುಂದರಾಕ ಬಂದೀನಿ" ಎಂದ. "ಹೋದ ವಾರ ಪರೀಕ್ಷಾ ಇತ್ತು. ಉಪ್ಪಿಟ್ಟು ಮಾಡಿಲ್ಲೇನು?"

ನಾನು ಬಾಗಿಲಲ್ಲೇ ನಿಂತಿದ್ದೆ, ಒಳಗಿನ ಗಂಟೆ ಬಾರಿಸಲಿ ಎಂದು ಕಾಯುವವನ ಹಾಗೆ.

"ಹಂಗ್ಯಾಕ ನಿಂತಿ ಮುತ್ಯಾ? ಉಪ್ಪಿಟ್ಟು ಆಮ್ಯಾಲ. ನೀನೂ ಕುಂದ್ರು."

ಇನ್ನೊಂದು ಕುರ್ಚಿ ಇರಲಿಲ್ಲ. ಈರಮ್ಮನ ಯಂತ್ರದ ಮುಂದಿನ ಸ್ಟೂಲನ್ನು ಎಳೆದುಕೊಂಡು ಕೂತೆ. ಐದರ ರೈಲಿನ ತನಕ ಕೂತೇ ಇದ್ದೆ. ಏನು ಮಾತಾಡಿದೆವು ಎಂದರೆ ಹೇಳಲು ಬರುವುದಿಲ್ಲ, ಬರೆಯುವಂಥದ್ದು ಏನೂ ಇರಲಿಲ್ಲ. ಅವನು ಹೋದ ಮೇಲೂ ಕುರ್ಚಿಯನ್ನು ಕಿಟಕಿಯಿಂದ ಸರಿಸಿಲ್ಲ. ಇದನ್ನೂ ಅದೇ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಲಿನವನು ಎರಡು ಸಲ ಕೂಗಿದ. ಏಳಲು ಮನಸ್ಸಾಗಲಿಲ್ಲ.